ಗೋಡೆ ಪಕ್ಕದ ನೆರಳು

"ಕತ್ತು ಕೊಳೀತಾ ಇದೆ, ಕಾಣಲ್ವಾ ನಿಮಗೆ? ಮೊದಲು ಆ ಸರಪಳಿ ಬಿಚ್ಚಿ!"

ಬಡಗಿ ಕೆತ್ತುತ್ತಿದ್ದ ಹಲಗೆಯಿಂದ ತಲೆಯೆತ್ತಿದ. ಪಶು ಆಸ್ಪತ್ರೆಯ ನರ್ಸಮ್ಮ ಹೇಳದೆ ಕೇಳದೆ ಅಂಗಳಕ್ಕೆ ನುಗ್ಗಿ, ಕಂಬಕ್ಕೆ ಕಟ್ಟಿದ್ದ ನಾಯಿ ಕರಿಯನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು.

"ಬಿಚ್ಚಿದ್ರೆ ರಸ್ತೆಗೆ ಓಡ್ತಾನೆ. ಲಾರಿಗೆ ಸಿಕ್ಕಿದ್ರೆ ಅಳೋಕೆ ನೀವು ಬರ್ತೀರಾ?"

"ಬರ್ತೀನಿ. ಅದಕ್ಕೂ ಮುಂಚೆ ತಂತಿ ತರ್ತೀನಿ!"

ತಂದೇಬಿಟ್ಟಳು. ಎರಡು ಕಂಬಗಳ ನಡುವೆ ತಲೆಯೆತ್ತರಕ್ಕೆ ತಂತಿ, ತಂತಿಯ ಮೇಲೆ ಜಾರುವ ಬಳೆ, ಬಳೆಗೆ ಹಗುರವಾದ ಸರಪಳಿ. ನಿಂತಲ್ಲೇ ಸುತ್ತುತ್ತಿದ್ದ ಕರಿಯ ಅಂಗಳದುದ್ದಕ್ಕೂ ಓಡಾಡಿದ. ಗೋಡೆಯ ಹತ್ತಿರ ಹೋಗದಂತೆ ಬಡಗಿ ತಂತಿಗೆ ಒಂದು ತಡೆ ಬಿಗಿದ. ಬಳೆ ಅಲ್ಲಿಗೆ ಬಂದು ನಿಲ್ಲುತ್ತಿತ್ತು.

ಗಾಯ ನೋಡುವ ನೆಪದಲ್ಲಿ ಅವಳು ಬರುತ್ತಲೇ ಇದ್ದಳು. ಗಾಯ ಮಾಗಿತು. ನೆಪ ಮಾಗಲಿಲ್ಲ...

"ಬಿಸಿಲು ಜಾಸ್ತಿಯಾಯ್ತು. ನೆರಳೆಲ್ಲ ಗೋಡೆ ಪಕ್ಕ ಇದೆ. ಆ ತಡೆ ತೆಗೀರಿ, ಪಾಪ."

"ಗೋಡೆ ಹಾರಿದ್ರೆ?"

"ಈ ಮುದುಕನಾ? ನನ್ನ ಮಾತಿನ ಮೇಲೆ ನಂಬಿಕೆ ಇಲ್ವಾ?"

ಅವನು ನಕ್ಕು ಇಕ್ಕಳ ಎತ್ತಿಕೊಂಡ. 'ನಾನು ಹೇಳಿದ್ದಕ್ಕೆ ಇಲ್ಲ ಅನ್ನಲಾರ...' ಅವಳ ಮನಸ್ಸು ಅಲ್ಲೇ ಅರಳಿತು.

ಮುಂದಿನ ವಾರ ಬಂದರೆ ತಂತಿಯೇ ಇಲ್ಲ! ಕರಿಯ ಮತ್ತೆ ಕಂಬದಲ್ಲಿ, ಗಿಡ್ಡ ಸರಪಳಿಯಲ್ಲಿ. ಬಡಗಿ ಬಲಗೈಗೆ ಟವೆಲು ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ.

"ಇಷ್ಟೇನಾ ನೀವು? ನಾನಿದ್ದಾಗ ನಗೋದು, ಬೆನ್ನು ತಿರುಗಿಸಿದ ಕೂಡಲೇ ಕಟ್ಟಿಹಾಕೋದು!"

"ಸ್ವಲ್ಪ ಕೇಳಿ..."

"ಏನು ಕೇಳೋದು? ನಾಳೆ ನನ್ನನ್ನೂ ಹೀಗೇ ಕಟ್ಟಿಹಾಕ್ತೀರಾ!"

ಅವನು ಟವೆಲು ಸುತ್ತಿದ ಕೈಯನ್ನು ಬೆನ್ನ ಹಿಂದೆ ಸರಿಸಿದ. ಅವಳು ಮತ್ತೆ ಆ ಬೀದಿಗೇ ಕಾಲಿಡಲಿಲ್ಲ.

ಮಳೆಗಾಲ ಕಳೆದ ಮೇಲೆ ಬಡಗಿಯ ಅಕ್ಕ ಕುಂಟುವ ಮೇಕೆಯೊಂದನ್ನು ಎಳೆದುಕೊಂಡು ಆಸ್ಪತ್ರೆಗೆ ಬಂದಳು. ಇವಳನ್ನು ಕಂಡದ್ದೇ ತಡ, ಮೇಕೆ ಮರೆತಳು.

"ನಿನಗೇನಮ್ಮ, ಬಾಯಿಗೆ ಬಂದಂಗೆ ಬೈದು ಹೋದೆ. ನೀನು ತಡೆ ತೆಗೆಸಿದ ವಾರದಲ್ಲೇ ನಾಯಿ ಬೆಕ್ಕಿನ ಹಿಂದೆ ಗೋಡೆ ಹಾರಿ, ಆಚೆ ಬದಿಗೆ ಸರಪಳಿ ಕತ್ತಿಗೆ ಬಿಗಿದು ನೇತಾಡ್ತು. ಇವನು ಎತ್ತಿ ಹಿಡಿಯೋವಾಗ ಸರಪಳಿ ಬೆರಳಿಗೆ ಸುತ್ಕೊಂಡು ನರ ಕತ್ತರಿಸಿಹೋಯ್ತು. ಉಳಿ ಹಿಡಿಯೋ ಬೆರಳು ಕಣಮ್ಮ! ಈಗ ಕೆಲಸ ಬಿಟ್ಟು ಮರದ ಡಿಪೋ ಕಾಯ್ತಾನೆ."

"ನನಗೆ... ಯಾರೂ ಹೇಳಲಿಲ್ಲ..."

"ನಾನು ಹೇಳ್ತಿದ್ದೆ. ಆಣೆ ಹಾಕಿಸಿದ. ಗೊತ್ತಾದ್ರೆ ಇನ್ನೊಂದು ನಾಯಿಯ ಸರಪಳಿ ಬಿಚ್ಚೋಕೆ ಅವಳಿಗೆ ಕೈ ಬರಲ್ಲ ಅಂದ, ಪುಣ್ಯಾತ್ಮ!"

ಸಂಜೆ ನರ್ಸಮ್ಮ ಬಡಗಿಯ ಮನೆಗೆ ಹೋದಾಗ ಅಂಗಳದ ಸುತ್ತ ಹಳೇ ಹಲಗೆಗಳ ಎತ್ತರದ ಬೇಲಿ ಎದ್ದಿತ್ತು. ಅರ್ಧಕ್ಕರ್ಧ ಮೊಳೆ ಸೊಟ್ಟ.

"ಎಡಗೈಲಿ ಹೊಡೆದದ್ದು. ನಗಬೇಡಿ," ಅಂದ.

ಅವಳು ಮಡಚಲಾಗದ ಆ ಬೆರಳುಗಳನ್ನು ಹಿಡಿದು ಬಿಕ್ಕಿದಳು. "ಯಾಕೆ ಹೇಳಲಿಲ್ಲ?"

"ನೀನು ಹೇಳೋಕೆ ಬಿಟ್ಟೆಯಾ?"

ಮೊದಲ ಸಲ ಏಕವಚನ. ಅದರಲ್ಲಿ ಸಲಿಗೆಗಿಂತ ಕಹಿಯೇ ಹೆಚ್ಚಿತ್ತು.

"ಕ್ಷಮಿಸು ಅನ್ನೋಕೆ ಮುಖ ಇಲ್ಲ. ಆದ್ರೆ... ನೀನಿಲ್ದೆ ನನಗಾಗಲ್ಲ."

"ನನಗೂ ಆಗಲ್ಲ. ಹಾಗಂತ ಸಿಟ್ಟು ಹೋಗಿಲ್ಲ. ಬೈತೀನಿ."

"ಬೈಕೋ. ಇಲ್ಲೇ ಇರ್ತೀನಿ."

ಕತ್ತಿನಲ್ಲಿ ಏನೂ ಇಲ್ಲದ ಕರಿಯ ಇವರತ್ತ ಬಾಲ ಆಡಿಸುತ್ತ ಬಂದ. ಹಳೇ ಸರಪಳಿಯ ಅಳತೆಗೆ ಸರಿಯಾಗಿ ಗಕ್ಕನೆ ನಿಂತ.

"ಕರೆದ್ರೂ ಬರಲ್ವಾ?"

"ಬರಲ್ಲ. ಅಲ್ಲಿಂದಾಚೆ ಭಯ."

ಅವಳು ಕಣ್ಣೊರೆಸಿಕೊಂಡಳು.

"ಸರಿ, ನಡಿ. ನಾವೇ ಹೋಗಿ ಕೂರೋಣ."