ಸಂಪರ್ಕಿತ ಸಾಧನಗಳು: ಎರಡು

ಮಾರ್ಚ್ 4, ಮಂಗಳವಾರ, ಬೆಳಿಗ್ಗೆ 10.40. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಹೆಂಗಸೊಬ್ಬಳು ಠಾಣೆಗೆ ಬಂದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಂತಳು.

"ಯಾರ ಮೇಲಮ್ಮ ದೂರು?" ರೈಟರ್ ಕೇಳಿದ. ಠಾಣೆಯ ಕಾಗದಪತ್ರವೆಲ್ಲ ಅವನ ಕೈಯಲ್ಲಿ. ಹೆಡ್ ಕಾನ್ಸ್‌ಟೇಬಲ್ ಆಗಿ ಕೂದಲು ಉದುರಿಸಿಕೊಂಡವನು.

"ಗೊತ್ತಿಲ್ಲ."

"ಗೊತ್ತಿಲ್ಲದವರ ಮೇಲೆ ದೂರು ಅಂದ್ರೆ ನಮಗೆ ಬಲು ಇಷ್ಟ. ಕೊಡಿ."

ಅವಳು ನಾಲ್ಕು ಹಾಳೆ ಕೊಟ್ಟಳು. ಮೊಬೈಲಿಗೆ ಬಂದ ಮೆಸೇಜುಗಳನ್ನು ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದ್ದಳು. ಕಳಿಸಿದವನಿಗೆ ಹೆಸರಿರಲಿಲ್ಲ, ನಂಬರೂ ಇರಲಿಲ್ಲ. ಫೆಬ್ರವರಿ 18: 'ಹಳದಿ ಕೊಡೆ ನಿಂಗೆ ಒಪ್ಪಲ್ಲ.' ಫೆಬ್ರವರಿ 22: 'ಬೀಗ ಎರಡು ಸಲ ಜಗ್ಗಿ ನೋಡ್ತೀಯ. ಮೂರು ಸಲ ಜಗ್ಗು.' ಉಳಿದ ಎರಡನ್ನು ಓದಿ ರೈಟರ್ ತಮಾಷೆ ನಿಲ್ಲಿಸಿದ.

"ಕಂಪ್ಯೂಟರಮ್ಮ, ಎಫ್‌ಐಆರ್ ಹಾಕು."

ಕಂಪ್ಯೂಟರಮ್ಮ ಎಂದರೆ ಠಾಣೆಯ ಏಕೈಕ ಮಹಿಳಾ ಕಾನ್ಸ್‌ಟೇಬಲ್. ಟೈಪಿಂಗ್ ಬರುತ್ತದೆಂಬ ತಪ್ಪಿಗೆ ಆ ಹೆಸರು ಅಂಟಿತ್ತು. ಠಾಣೆಯ ಬ್ರಾಡ್‌ಬ್ಯಾಂಡ್ ಕೆಟ್ಟು ಐದು ತಿಂಗಳಾಗಿತ್ತು. ರಿಪೇರಿಗೆ ಬರೆದ ಏಳು ಪತ್ರಗಳು ಏಳು ಮೇಜಿನ ಮೇಲೆ ಮಲಗಿದ್ದವು. ಹಾಗಾಗಿ ಅವಳ ಸ್ವಂತ ಫೋನೇ ಠಾಣೆಯ ಮೋಡೆಮ್. ಬೆಳಿಗ್ಗೆ ಬಂದೊಡನೆ ಹಾಟ್‌ಸ್ಪಾಟ್ ಹಾಕಿ, ಸಿಗ್ನಲ್ ಸಿಗುವ ಕಿಟಕಿಯ ಮೇಲೆ ಫೋನಿಟ್ಟು, ಚಾರ್ಜರ್ ಚುಚ್ಚುವಳು. ಸಂಜೆಯವರೆಗೆ ಅದು ಅಲ್ಲೇ. ಪಾಸ್‌ವರ್ಡ್ ಬರೆದ ಚೀಟಿಗೆ ಜೆರಾಕ್ಸ್‌ನವನು ಪ್ಲಾಸ್ಟಿಕ್ ಹೊದಿಸಿಕೊಟ್ಟಿದ್ದ. ಅದು ಮಾನಿಟರಿನ ನೆತ್ತಿಯ ಮೇಲಿತ್ತು.

11.25ಕ್ಕೆ ಎಫ್‌ಐಆರ್ ದಾಖಲಾಯಿತು. ಮೆಸೇಜುಗಳು ಎಲ್ಲಿಂದ ಹೊರಟವೆಂದು ಕೇಳಿ ಮೆಸೇಜ್ ಆ್ಯಪಿನ ಕಂಪನಿಗೆ ಪತ್ರ ಹೋಯಿತು.

ಮಾರ್ಚ್ 6, ಗುರುವಾರ. ಸ್ಥಳ ಪಂಚನಾಮೆಗೆ ಇನ್ಸ್‌ಪೆಕ್ಟರ್, ರೈಟರ್, ಕಂಪ್ಯೂಟರಮ್ಮ ಮೂವರೂ ಆ ಹೆಂಗಸಿನ ಬಾಡಿಗೆ ಕೋಣೆಗೆ ಹೋದರು. ಒಂದು ಮಂಚ, ಒಂದು ಸ್ಟವ್, ಕಣ್ಣಿನ ಪರೀಕ್ಷೆಯ ಹಳೆಯ ಅಕ್ಷರಪಟ್ಟಿ ಅಂಟಿಸಿದ ಬೀರು. ಮಂಚದ ಮೇಲೆ ಲ್ಯಾಪ್‌ಟಾಪಿಟ್ಟು, ತನ್ನ ಫೋನಿನಿಂದ ಅದಕ್ಕೆ ನೆಟ್ ಕೊಟ್ಟು ಕಂಪ್ಯೂಟರಮ್ಮ ಟೈಪ್ ಮಾಡತೊಡಗಿದಳು. ಪಂಚನಾಮೆ ಟೈಪಾಗುವಾಗ ಉಳಿದವರಿಗೆ ಕೆಲಸವಿಲ್ಲ. ಹೆಚ್ಚಿನವರ ತಲೆ ಅವರವರ ಮೊಬೈಲಿಗೆ ಬಾಗಿತ್ತು.

12.10ಕ್ಕೆ ದೂರುದಾರಳ ಫೋನ್ ಕಿಣಿ ಎಂದಿತು. ಓದಿದವಳ ತುಟಿ ಬೆಳ್ಳಗಾಯಿತು. ಫೋನನ್ನು ಇನ್ಸ್‌ಪೆಕ್ಟರ್ ಕೈಗಿಟ್ಟಳು.

'ಮೂರು ಖಾಕಿ ಕೂರಿಸಿಕೊಂಡ್ರೆ ಬಾಗಿಲು ಗಟ್ಟಿ ಆಗುತ್ತಾ?'

ರೈಟರ್ ಬೀದಿಗೆ ಓಡಿದ. ಇನ್ಸ್‌ಪೆಕ್ಟರ್ ಎದುರು ಕಟ್ಟಡದ ಟೆರೇಸ್ ಹತ್ತಿ ಇಳಿದರು. ಒಣಹಾಕಿದ ಬೆಡ್‌ಶೀಟು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ.

ಮಾರ್ಚ್ 10ರಂದು ದೂರುದಾರಳು ಮನೆ ಬದಲಿಸಿದಳು. ಹೊಸ ವಿಳಾಸವನ್ನು ಅಂಗಡಿಯಲ್ಲೂ ಹೇಳಲಿಲ್ಲ, ಅಕ್ಕನಿಗೂ ಹೇಳಲಿಲ್ಲ. ಠಾಣೆಗೆ ಮಾತ್ರ ಬರೆದುಕೊಟ್ಟಳು. ಮರುದಿನ ಮಧ್ಯಾಹ್ನ 3.05ಕ್ಕೆ ಆರನೆಯದು ಬಂತು: 'ಎರಡನೇ ಮಹಡಿಯಲ್ಲಿ ಗಾಳಿ ಚೆನ್ನಾಗಿದೆಯಾ? ಒಂದಿನ ಒಳಗೇ ಬರ್ತೀನಿ.' ಐದನೆಯದನ್ನೂ ಆರನೆಯದನ್ನೂ ಸೇರಿಸಿ ಕಂಪನಿಗೆ ಮತ್ತೆ ಪತ್ರ ಹೋಯಿತು.

ಮಾರ್ಚ್ 15, ಶನಿವಾರ, ಬೆಳಿಗ್ಗೆ 11.30. ಇನ್ಸ್‌ಪೆಕ್ಟರ್ ಕಂಪ್ಯೂಟರಮ್ಮನನ್ನು ಕರೆದರು.

"ಬಾಗಿಲು ಹಾಕು." ಹಾಕಿದಳು. ಅವರು ಕಂಪನಿಯ ಉತ್ತರವನ್ನು ಅವಳ ಕಡೆ ತಿರುಗಿಸಿದರು. "ಆರು ಮೆಸೇಜೂ ಒಂದೇ ನಂಬರಿನ ನೆಟ್‌ನಿಂದ ಹೋಗಿವೆ. ಯಾರ ನಂಬರು, ಓದು."

ಓದಿದಳು. ಒಂದೊಂದೇ ಅಂಕಿಗೆ ಬೆರಳಿಟ್ಟು ಇನ್ನೊಮ್ಮೆ ಓದಿದಳು.

"ನಂದು ಸರ್."

"ಕಳಿಸಿದ್ದು ನೀನಾ?"

"ಅಲ್ಲ ಸರ್."

"ಅಲ್ಲ ಅಂತ ನನಗೂ ಅನ್ಸುತ್ತೆ. ಅನ್ಸಿದ್ದನ್ನೆಲ್ಲ ಚಾರ್ಜ್‌ಶೀಟಿಗೆ ಹಾಕಕ್ಕಾಗಲ್ಲ. ಸೋಮವಾರ ಸಂಜೆ ಐದಕ್ಕೆ ಈ ಕಾಗದ ಮೇಲಿನ ಆಫೀಸಿಗೆ ಹೋಗ್ಬೇಕು. ಇದೊಂದೇ ಹೋದ್ರೆ ಒಂದನೇ ಆರೋಪಿ ನೀನು."

ಅವಳು ಕಾಗದವನ್ನು ಮೇಜಿನ ಮೇಲಿಟ್ಟಳು. "ಹಾಟ್‌ಸ್ಪಾಟ್ ಸರ್. ನನ್ನ ಫೋನಿಗೆ ಯಾರು ಕನೆಕ್ಟ್ ಆಗಿ ಏನು ಕಳಿಸಿದ್ರೂ ಹೊರಗಿನವರಿಗೆ ಕಾಣೋದು ನನ್ನ ನಂಬರೇ."

"ಎಷ್ಟು ದೂರ ಸಿಗುತ್ತೆ?"

"ಗೋಡೆ ಅಡ್ಡ ಇದ್ರೆ ಹತ್ತು ಹದಿನೈದು ಹೆಜ್ಜೆ."

"ಆರನೇ ತಾರೀಕು ಫೋನೆಲ್ಲಿತ್ತು?"

"ಅವರ ಕೋಣೇಲಿ. ಮಂಚದ ಮೇಲೆ."

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಅವನು ಟೆರೇಸಲ್ಲಿ ಇರ್ಲಿಲ್ಲ. ನಮ್ಮ ಜೊತೇಲೇ ಇದ್ದ."

ಅವಳು ಕಿಟಕಿಯಿಂದ ಫೋನ್ ತಂದು ಸೆಟ್ಟಿಂಗ್ಸ್ ತೆರೆದಳು. ಐದು ತಿಂಗಳಲ್ಲಿ ಒಮ್ಮೆಯೂ ನೋಡದ ಸಾಲು ಅಲ್ಲಿತ್ತು. 'ಸಂಪರ್ಕಿತ ಸಾಧನಗಳು: 2'. ಠಾಣೆಯಲ್ಲಿ ಕಂಪ್ಯೂಟರ್ ಇರುವುದು ಒಂದೇ. ಲ್ಯಾಪ್‌ಟಾಪ್ ಬೀರುವಿನಲ್ಲಿ ಆಫ್ ಆಗಿತ್ತು.

"ಇನ್ನೊಂದು?"

"ಗೊತ್ತಿಲ್ಲ ಸರ್."

ಬಾಗಿಲಾಚೆ ರೈಟರ್ ಕೆಮ್ಮಿದ. ಇಬ್ಬರೂ ಬಾಗಿಲು ನೋಡಿದರು. ಇನ್ಸ್‌ಪೆಕ್ಟರ್ ದನಿ ತಗ್ಗಿಸಿ ತಮ್ಮ ಫೋನನ್ನು ಅವಳ ಮುಂದೆ ತಳ್ಳಿದರು. "ನಾನೂ ಆ ಕೋಣೇಲಿದ್ದೆ. ಮೊದಲು ಇದನ್ನ ನೋಡು." ಅದು ಅವಳ ನೆಟ್‌ಗೆ ಸೇರಿರಲಿಲ್ಲ. ರೈಟರನದು ಬಟನ್ ಫೋನು. ಆದರೆ ಕಿಸೆಯಲ್ಲಿ ಇನ್ನೊಂದು ಇಲ್ಲವೆಂದು ಹೇಳುವವರು ಯಾರು?

ಆ ದಿನ ರೈಟರ್ ಎಂದಿನಂತೆ ತನ್ನ ಡಬ್ಬಿಯ ಅರ್ಧ ಊಟ ಅವಳತ್ತ ಸರಿಸಿದ. "ಯಾಕಮ್ಮ, ದೆವ್ವ ಮೆಟ್ಟಿದ ಹಾಗಿದೀಯ?" ಎಂಟು ವರ್ಷ ಅವನ ಡಬ್ಬಿಯಿಂದ ಉಂಡವಳು ಅಂದು ಅದನ್ನು ಹಿಂದಕ್ಕೆ ಸರಿಸಿದಳು. ಸಂಜೆ ಬಸ್‌ಸ್ಟಾಪಿಗೆ ಹೋಗುವಾಗ ಮೂರು ಸಲ ಹಿಂದೆ ನೋಡಿದಳು. ದೂರುದಾರಳು ಇಪ್ಪತ್ತೈದು ದಿನದಿಂದ ಹೀಗೇ ನಡೆಯುತ್ತಿದ್ದಾಳೆ ಎಂಬುದು ಅವಳಿಗೆ ಮೊದಲ ಸಲ ಮೈಗೆ ತಿಳಿಯಿತು.

ಭಾನುವಾರ ಡ್ಯೂಟಿ ಇತ್ತು. 6ನೇ ತಾರೀಕು ಕೋಣೆಯಲ್ಲಿದ್ದವರ ಪಟ್ಟಿ ಬರೆದಳು. ಇನ್ಸ್‌ಪೆಕ್ಟರ್, ರೈಟರ್, ತಾನು, ದೂರುದಾರಳು, ಮೊಬೈಲ್ ಮುಟ್ಟದ ಮನೆ ಮಾಲಕಿ. ಐದು ಜನ. ಖಾತ್ರಿಗೆ ಪಂಚನಾಮೆ ತೆಗೆದು ಕೊನೆಯ ಪುಟ ನೋಡಿದಳು. ಸಹಿಗಳು ಆರು.

ಪಂಚ ಒಂದು, ಮನೆ ಮಾಲಕಿ. ಪಂಚ ಎರಡು, ಜೆರಾಕ್ಸ್ ಅಂಗಡಿಯವನು.

ಪಂಚನಾಮೆಗೆ ಸಾಕ್ಷಿಯಾಗಿ ಇಬ್ಬರು ಹೊರಗಿನವರು ಬೇಕು. ಬೀದಿಯಲ್ಲಿ ಕರೆದರೆ ಯಾರೂ ಬರುವುದಿಲ್ಲ. ಕೋರ್ಟಿಗೆ ಅಲೆಯುವ ಭಯ. ಪಕ್ಕದ ಅಂಗಡಿಯವನು ಕರೆದಾಗಲೆಲ್ಲ ಬರುತ್ತಿದ್ದ. ಆರು ವರ್ಷದಿಂದ ಬಂದು ಬಂದು 'ಖಾಯಂ ಪಂಚ' ಎಂದೇ ಹೆಸರಾಗಿದ್ದ. ಅವನ ವಿವರವನ್ನು ಅವಳು ಹೊಸದಾಗಿ ಟೈಪೂ ಮಾಡುತ್ತಿರಲಿಲ್ಲ, ಹಳೆಯ ಫೈಲಿನಿಂದ ನಕಲು ಮಾಡಿ ಅಂಟಿಸುತ್ತಿದ್ದಳು. ಜೀಪಿನ ಸ್ಟೆಪ್ನಿಯನ್ನು ಯಾರೂ ಲೆಕ್ಕ ಹಾಕುವುದಿಲ್ಲವಲ್ಲ, ಹಾಗೆ ಅವನು.

ಠಾಣೆಯ ಕಿಟಕಿ ಪಕ್ಕದ ಗೋಡೆಯ ಆಚೆ ಅವನ ಅಂಗಡಿ. ಫೋನ್ ಇರುವುದು ಆ ಕಿಟಕಿಯಲ್ಲೇ. ಹೊಸ ವಿಳಾಸದ ಹೇಳಿಕೆಯ ಮೂರು ಪ್ರತಿ ತೆಗೆದುಕೊಟ್ಟವನೂ ಅವನೇ.

ಸೋಮವಾರ, ಮಾರ್ಚ್ 17, ಮಧ್ಯಾಹ್ನ 2.30. ಹೊಸ ಕೋಣೆಯಲ್ಲಿ ಮತ್ತೊಂದು ಸ್ಥಳ ಪಂಚನಾಮೆ ಎಂದು ಇನ್ಸ್‌ಪೆಕ್ಟರ್ ಎಲ್ಲರನ್ನೂ ಕರೆದೊಯ್ದರು. ಖಾಯಂ ಪಂಚ ಎಂದಿನಂತೆ ಫೈಲಿನ ಚೀಲ ಹಿಡಿದು ಬಂದ.

"ಏನಕ್ಕ, ಇವತ್ತೂ ನಾನೇನಾ? ನನ್ನ ಸಹಿ ನನಗೇ ಬೇಜಾರಾಗಿದೆ."

ಕಂಪ್ಯೂಟರಮ್ಮ ನಕ್ಕಳು. ನಗಲು ಸಾಧ್ಯವಾದದ್ದೇ ಹೆಚ್ಚು. ದೂರುದಾರಳ ಪಕ್ಕ ಕೂತು, ಲ್ಯಾಪ್‌ಟಾಪ್ ತೆರೆದು, ಹಾಟ್‌ಸ್ಪಾಟ್ ಹಾಕಿದಳು. ಸಂಪರ್ಕಿತ ಸಾಧನಗಳು: 1. ಮೂರು ಸಾಲು ಟೈಪ್ ಮಾಡುವಷ್ಟರಲ್ಲಿ, 2.

ಇನ್ಸ್‌ಪೆಕ್ಟರ್ ಕಿಸೆ ತಡಕಿದರು. "ಇಂಕ್ ಪ್ಯಾಡ್ ಜೀಪಲ್ಲೇ ಉಳೀತು. ರೈಟರ್, ಹೋಗಿ ತಗೊಂಡ್ಬನ್ನಿ."

ರೈಟರ್ ಗೊಣಗುತ್ತ ಇಳಿದುಹೋದ. ಅವಳು ಅಂಕಿಯನ್ನೇ ನೋಡುತ್ತ ಕೂತಳು. ಬೀದಿಯಲ್ಲಿ ಜೀಪಿನ ಬಾಗಿಲು ಬಡಿದ ಸದ್ದಾಯಿತು. ಅಂಕಿ ಎರಡೇ ಇತ್ತು. ರೈಟರ್ ಏದುಸಿರು ಬಿಡುತ್ತ ಹತ್ತಿ ಬಂದ. ಎರಡೇ. ಅವಳಿಗೆ ಅವನ ಕಾಲು ಮುಟ್ಟಬೇಕೆನಿಸಿತು.

"ಇದು ಒಣಗಿದೆಯಲ್ರೀ. ಏ ಪಂಚ, ಡ್ಯಾಶ್‌ಬೋರ್ಡಲ್ಲಿ ಇನ್ನೊಂದಿದೆ, ನೀನು ತರ್ತೀಯಾ?"

"ಅದಕ್ಕೇನ್ ಸರ್."

ಮೆಟ್ಟಿಲಲ್ಲಿ ಚಪ್ಪಲಿ ಸದ್ದು ಇಳಿಯಿತು. ಮೊದಲ ಮಹಡಿ. ನೆಲ. ಪರದೆಯ ಮೇಲೆ ಅಂಕಿ ಒಂದಾಯಿತು.

ಅವಳು ಪರದೆಯನ್ನು ಇನ್ಸ್‌ಪೆಕ್ಟರ್ ಕಡೆ ತಿರುಗಿಸಿದಳು. ದೂರುದಾರಳು ಏನೂ ಗೊತ್ತಿಲ್ಲದೆಯೂ ಅವಳ ಮಣಿಕಟ್ಟು ಹಿಡಿದಳು. ಕೆಳಗಿನಿಂದ ಸದ್ದು ಮತ್ತೆ ಏರಿತು. ನಿಧಾನವಾದ, ಆತುರವಿಲ್ಲದ ಹೆಜ್ಜೆ. ಅವನು ಬಾಗಿಲಲ್ಲಿ ಕಾಣುವ ಮೊದಲೇ ಅಂಕಿ ಎರಡಾಯಿತು.

"ಇಂಕ್ ಪ್ಯಾಡ್ ಇರ್ಲಿಲ್ಲ ಸರ್," ಎಂದು ಅವನು ಒಳಗೆ ಬಂದ.

"ಗೊತ್ತು. ಕಿಸೆ ಖಾಲಿ ಮಾಡು."

ಅಂಗಿಯ ಕಿಸೆಯಲ್ಲಿ ಎಲ್ಲರೂ ನೋಡಿದ ಫೋನು. ಪ್ಯಾಂಟಿನ ಒಳಜೇಬಿನಲ್ಲಿ ಸಿಮ್ ಇಲ್ಲದ, ಗಾಜು ಒಡೆದ ಹಳೆಯದೊಂದು. ಅದರಲ್ಲಿ ಕಳಿಸದ ಏಳನೆಯ ಮೆಸೇಜು ಅರ್ಧ ಟೈಪಾಗಿತ್ತು. 3.10ಕ್ಕೆ ಬಂಧನ. ಜಪ್ತಿ ಪಂಚನಾಮೆಗೆ ಹೊರಗಿನವರಿಬ್ಬರು ಬೇಕಿತ್ತು. ರೈಟರ್ ಬೀದಿಯಲ್ಲಿ ನಲವತ್ತು ನಿಮಿಷ ಕೈಮುಗಿದು ಅಲೆದ.

ಅವನ ಹೇಳಿಕೆಯನ್ನು ಠಾಣೆಯಲ್ಲಿ ಕಂಪ್ಯೂಟರಮ್ಮನೇ ಟೈಪ್ ಮಾಡಿದಳು.

"ನನ್ನ ನೆಟ್ ಯಾಕೆ?" ಅವಳು ಕೇಳಿದಳು.

"ಪೊಲೀಸ್ ನಂಬರ್ ಬಂದ್ರೆ ನೀವು ಅಲ್ಲಿಗೇ ಮುಚ್ಚಿ ಹಾಕ್ತೀರ ಅಂದ್ಕೊಂಡೆ."

"ದೂರು ಕೊಟ್ಟವರು ನಿನಗೇನು ಮಾಡಿದ್ರು?" ಇನ್ಸ್‌ಪೆಕ್ಟರ್ ಕೇಳಿದರು.

ಅವನು ತನ್ನ ಬೆರಳುಗಳ ಶಾಯಿ ನೋಡಿದ.

"ಏನೂ ಇಲ್ಲ. ಜನವರೀಲಿ ಗುರುತಿನ ಚೀಟಿ ಕಳೆದ ದೂರು ಬರೆಸೋಕೆ ನನ್ನ ಅಂಗಡಿಗೆ ಬಂದಿದ್ರು. ಗಾಬರಿಯಾಗಿದ್ರು. ಸ್ಟೂಲ್ ಮೇಲೆ ಕೂರಿಸಿ ನೀರು ಕೊಟ್ಟೆ. ಪೂರ್ತಿ ಕುಡಿದು, ನೀವಿದ್ರಿ ಅಂತ ಧೈರ್ಯ ಬಂತು ಅಂದ್ರು. ಚೀಟಿ ಸಿಕ್ಕಿದ ಮೇಲೆ ಅದೇ ದಾರೀಲಿ ದಿನಾ ಹೋಗೋರು, ತಿರುಗಿ ನೋಡ್ತಿರ್ಲಿಲ್ಲ." ಅವನು ಕಂಪ್ಯೂಟರಿನ ಕಡೆ ತಿರುಗಿದ. "ಮೆಸೇಜ್ ಹೋದಾಗೆಲ್ಲ ಪ್ರಿಂಟ್ ಹಾಕಿಸೋಕೆ ಬರ್ತಿದ್ರು. ಸ್ಟೂಲ್ ಮೇಲೆ ಕೂರೋರು."

ಕಂಪ್ಯೂಟರಮ್ಮ ಆ ಕೊನೆಯ ವಾಕ್ಯವನ್ನೂ ಟೈಪ್ ಮಾಡಿದಳು. 4.55ಕ್ಕೆ ಕಂಪನಿಯ ಕಾಗದದ ಜೊತೆ ಹೇಳಿಕೆಯೂ ಮೇಲಿನ ಆಫೀಸಿಗೆ ಹೋಯಿತು. ಮಾನಿಟರಿನ ಮೇಲಿನ ಪ್ಲಾಸ್ಟಿಕ್ ಚೀಟಿ ಕಿತ್ತು, ಪಾಸ್‌ವರ್ಡ್ ಬದಲಿಸಿ, ಫೋನನ್ನು ಕಿಟಕಿಯ ಮೇಲಿಟ್ಟಳು.

ಸಂಪರ್ಕಿತ ಸಾಧನಗಳು: 1.

ಡ್ಯೂಟಿ ಮುಗಿಯುವವರೆಗೂ ಅವಳು ಹತ್ತು ನಿಮಿಷಕ್ಕೊಮ್ಮೆ ಎದ್ದು ಹೋಗಿ ಅದನ್ನು ನೋಡಿ ಬಂದಳು.