ಕಾಡುಬಸಳೆಯ ಹಳದಿ ಉಂಗುರ

ಬೆಟ್ಟಗಳು ಉಸಿರಾಡುತ್ತಿದ್ದ ಕಾಲದ ಮಾತಿದು. ಆಗ ಶಿಲಾವತಿ ಎಂಬ ರಾಜ್ಯವಿತ್ತು. ಅದರ ಸುತ್ತ ಕರಿಬೆಟ್ಟ. ಆ ಬೆಟ್ಟದ ಉಸಿರು ತಾಗಿದವರು ಕಲ್ಲಾಗುತ್ತಿದ್ದರು. ಅದನ್ನು ತಡೆಯುವ ಶಕ್ತಿ ಇದ್ದದ್ದು ಕಾಡುಬಸಳೆ ಗಿಡಕ್ಕೆ ಮಾತ್ರ. ಹಾಗಾಗಿ ಪ್ರತಿ ಮನೆಯ ಕಿಟಕಿಯಲ್ಲೂ ಒಂದು ಕುಂಡ, ಕುಂಡದಲ್ಲಿ ದಪ್ಪ ಎಲೆಯ ಒಂದು ಕಾಡುಬಸಳೆ ಇರುತ್ತಿತ್ತು.

ಅರಮನೆಯ ಕುಂಡವನ್ನು ನೋಡಿಕೊಳ್ಳುತ್ತಿದ್ದವಳು ದ್ಯಾವಕ್ಕ. ಅವಳಿಗೂ ಅವಳ ತಾಯಿ ನೀಲವ್ವನಿಗೂ ಅದೇ ಜೀವನ. ಒಂದು ಬೆಳಗ್ಗೆ ದ್ಯಾವಕ್ಕ ನೀರು ಹಾಕಲು ಹೋದಾಗ ಗಿಡದ ಎಲೆಯೊಂದರ ಮೇಲೆ ಹಳದಿ ಉಂಗುರ ಮೂಡಿತ್ತು. ಅದೇ ಹೊತ್ತಿಗೆ ಒಳಮನೆಯಿಂದ ಚೀರಾಟ ಕೇಳಿಸಿತು. ರಾಣಿ ಚಂದಲದೇವಿಯ ಮಣಿಕಟ್ಟಿನ ಸುತ್ತ ಅಂಥದೇ ಉಂಗುರ ಬಿದ್ದಿತ್ತು. ಉಂಗುರದೊಳಗಿನ ಚರ್ಮ ಕಲ್ಲಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಭೃಂಗನಾಥನೆಂಬ ವೈದ್ಯ ಅರಮನೆಗೆ ಬಂದ. ಸೊಂಟದಲ್ಲಿ ಚಿನ್ನದ ಚಾಕು, ಬಾಯಲ್ಲಿ ಜೇನಿನಂಥ ಮಾತು.

"ಹೆದರಬೇಡಿ ತಾಯಿ," ಎಂದ. "ರೋಗದ ಎಲೆ ಕತ್ತರಿಸಿದರೆ ಆಯಿತು. ಊರಿನ ಎಲ್ಲ ಗಿಡಗಳನ್ನೂ ನಾನೇ ನೋಡುತ್ತೇನೆ."

ಅವನು ಎಲೆ ಕತ್ತರಿಸಿದ. ಲೋಳೆ ಮೆತ್ತಿದ ಚಾಕನ್ನು ಒರೆಗೆ ಸೇರಿಸಿ ಬೀದಿಗಿಳಿದ. ಪ್ರತಿ ಮನೆಯಲ್ಲೂ ಒಂದೊಂದು ಎಲೆ ಕತ್ತರಿಸುತ್ತಾ ಹೋದ. ದ್ಯಾವಕ್ಕನ ಮನೆಗೂ ಹೋದ. ಮರುದಿನ ಅವಳ ಮನೆಯ ಗಿಡದಲ್ಲಿ ಉಂಗುರ ಬಿತ್ತು. ನೀಲವ್ವನ ಪಾದಗಳು ಕಲ್ಲಾದವು.

"ಇದು ಯಾಕೆ ಬರುತ್ತಿದೆ ಅಂತ ಕಂಡುಹಿಡಿ ದ್ಯಾವಕ್ಕ," ಎಂದಳು ರಾಣಿ. ಕಲ್ಲು ಅವಳ ಮೊಣಕೈವರೆಗೆ ಏರಿತ್ತು. "ಭುಜ ದಾಟಿದರೆ ನಾನು ಉಳಿಯುವುದಿಲ್ಲ."

ದ್ಯಾವಕ್ಕ ಯೋಚಿಸಿದಳು. ನೀರು ಹೆಚ್ಚಾಗಿದ್ದರೆ? ಅವಳು ಬುಡವನ್ನು ಅದುಮಿ ನೋಡಿದಳು. ಕೊಳೆತಿದ್ದರೆ ಮೆತ್ತಗಿರಬೇಕಿತ್ತು, ಗಟ್ಟಿಯಾಗಿತ್ತು. ಆದರೂ ನೀರು ನಿಲ್ಲಿಸಿದಳು. ಉಂಗುರ ಹೋಗಲಿಲ್ಲ.

ಬಿಸಿಲಿಗೆ ಸುಟ್ಟಿದ್ದರೆ? ಹಾಗಿದ್ದರೆ ಬಿಸಿಲು ಬೀಳುವ ಬದಿಯಷ್ಟೇ ಕೆಡಬೇಕಿತ್ತು. ಅವಳು ಕುಂಡವನ್ನು ನೆರಳಿಗೆ ಸರಿಸಿದಳು. ನೆರಳಿನಲ್ಲಿ ಹೊಸ ಚಿಗುರು ಬಂತು. ಆದರೆ ಅದು ಸುರುಟಿಕೊಂಡೇ ಹುಟ್ಟಿತು, ಹುಟ್ಟುವಾಗಲೇ ಮೈಮೇಲೆ ಹಳದಿ ಮಚ್ಚೆ ಹೊತ್ತು. ಉಂಗುರ ಹೋಗಲಿಲ್ಲ.

ಹುಳು ಬಿದ್ದಿದ್ದರೆ? ಅವಳು ಎಲೆಯ ತಳವನ್ನು ತಿರುಗಿಸಿದಳು. ಅಲ್ಲಿ ಹತ್ತಿಯ ಉಂಡೆಯಂಥ ಒಂದು ಹಿಟ್ಟುತಿಗಣೆ ಕೂತಿತ್ತು. ಅವಳ ಉಸಿರು ತಾಗಿದ ಕೂಡಲೇ ಅದು ಊದತೊಡಗಿತು. ಬೆಕ್ಕಿನಷ್ಟಾಯಿತು, ಕರುವಿನಷ್ಟಾಯಿತು, ಬಾಗಿಲನ್ನೇ ಮುಚ್ಚಿ ನಿಂತಿತು. ಓಡಲು ದಾರಿಯಿರಲಿಲ್ಲ. ದ್ಯಾವಕ್ಕ ಗೋಡೆಗೆ ಒತ್ತಿ ನಿಂತು ಪಕ್ಕದಲ್ಲಿದ್ದ ಅಂಟುವಾಳದ ನೊರೆನೀರನ್ನು ಅದರ ಮೇಲೆ ಎರಚಿದಳು. ಅದು ಕರಗುತ್ತಾ ಕಿರುಗುಟ್ಟಿತು:

"ನನ್ನನ್ನು ಕೊಂದರೂ ಈ ಗಿಡ ಗುಣವಾಗುವುದಿಲ್ಲ. ರೋಗ ಇದರ ರಸದಲ್ಲೇ ಇದೆ, ಅದಕ್ಕೆ ಮದ್ದಿಲ್ಲ. ನಾನು ಹೊತ್ತು ತಿರುಗುವವಳು ಅಷ್ಟೇ. ಹೊತ್ತು ತಿರುಗುವವನು ಇನ್ನೊಬ್ಬನಿದ್ದಾನೆ. ಅವನಿಗೆ ಎರಡೇ ಕಾಲು."

ನೆಲದ ಮೇಲೆ ಬಿಳಿ ಹಿಟ್ಟಷ್ಟೇ ಉಳಿಯಿತು. ಉಂಗುರ ಮಾತ್ರ ಹೋಗಲಿಲ್ಲ.

ದ್ಯಾವಕ್ಕ ಬೀದಿಗೆ ಓಡಿದಳು. ಕಿಟಕಿ ಕಿಟಕಿಯನ್ನೂ ನೋಡಿದಳು. ವೈದ್ಯ ಹೋದ ಮನೆಗಳಲ್ಲೆಲ್ಲ ಉಂಗುರ. ಹೊಸ್ತಿಲಲ್ಲಿ ಕೂತ ಮುದುಕರು ಕೂತಲ್ಲೇ ಅರ್ಧ ಕಲ್ಲು. ಅವನು ಇನ್ನೂ ಕಾಲಿಡದ ಜಾಗ ಕುಂಬಾರಗೇರಿ ಒಂದೇ. ಅಲ್ಲಿನ ಗಿಡಗಳು ಹಸಿರಾಗಿ ಹೂಬಿಟ್ಟು ನಿಂತಿದ್ದವು, ಕೆಲವು ಆಗಲೇ ಬೀಜ ಕಟ್ಟಿದ್ದವು. ಕೇರಿಯ ಬಾಯಲ್ಲೇ ಭೃಂಗನಾಥ ಬರುತ್ತಿದ್ದ, ಚಾಕು ಹಿರಿದುಕೊಂಡು.

"ನಿಲ್ಲು!" ಎಂದು ದ್ಯಾವಕ್ಕ ಅಡ್ಡ ಬಂದಳು. "ಆ ಚಾಕನ್ನು ಒಮ್ಮೆ ಬೆಂಕಿಗೆ ಹಿಡಿ. ಆಮೇಲೆ ಒಳಗೆ ಹೋಗು."

ವೈದ್ಯನ ಮುಖ ಕಪ್ಪಿಟ್ಟಿತು. ಕುಂಬಾರರು ಸುತ್ತುವರಿದು ಚಾಕನ್ನು ಕಿತ್ತು ಮಡಕೆ ಸುಡಲು ಉರಿಯುತ್ತಿದ್ದ ಆವಿಗೆಗೆ ಎಸೆದರು. ಚಾಕು ಮನುಷ್ಯರಂತೆ ಅರಚಿತು. ಅದರಿಂದ ಹಳದಿ ಉಂಗುರಗಳು ಹೊಗೆಯಾಗಿ ಎದ್ದವು. ವೈದ್ಯನ ವೇಷ ಕಳಚಿತು. ಅಲ್ಲಿ ನಿಂತಿದ್ದವನು ಮೈಯೆಲ್ಲ ಲೋಳೆ ಸುರಿಯುವ ಮಾಂತ್ರಿಕ.

"ಗೆದ್ದೆ ಅಂದುಕೊಂಡೆಯಾ?" ಎಂದು ಅವನು ನಕ್ಕ. "ಈ ಕಲ್ಲಿನ ಊರಿಗೆ ನಾನೇ ಒಡೆಯ. ರೋಗದ ಗಿಡ ಇಟ್ಟುಕೊಂಡರೆ ನಿಧಾನಕ್ಕೆ ಕಲ್ಲಾಗುತ್ತೀರಿ. ಸುಟ್ಟರೆ ಬೆಟ್ಟದ ಉಸಿರಿಗೆ ಈಗಲೇ ಕಲ್ಲಾಗುತ್ತೀರಿ!"

ಜನ ಅಳತೊಡಗಿದರು. ಆದರೆ ದ್ಯಾವಕ್ಕನ ಕಣ್ಣು ಕೇರಿಯ ಹಸಿರು ಕಿಟಕಿಗಳ ಮೇಲೆ ಬಿತ್ತು.

"ಎಲ್ಲರೂ ಇಲ್ಲಿಗೆ ಬನ್ನಿ," ಎಂದಳು. "ಈ ಗಿಡಗಳು ನಮ್ಮನ್ನೂ ಕಾಯಲಿ. ರೋಗದ ಕುಂಡಗಳನ್ನು ಇವುಗಳ ಹತ್ತಿರ ತರಬೇಡಿ. ಕೇರಿಯ ಹೊರಗೆ ರಾಶಿ ಹಾಕಿ ಸುಡೋಣ. ಮೊದಲು ನನ್ನ ಮನೆಯದು."

ನೀಲವ್ವನನ್ನು ಮಂಚದ ಮೇಲೆ ಹೊತ್ತು ತಂದರು. ಸೊಂಟದವರೆಗೆ ಕಲ್ಲಾಗಿದ್ದಳು. ರಾಣಿಯೂ ಬಂದಳು.

"ಅವ್ವ, ಸುಟ್ಟರೆ ನಿನಗೇನಾಗುತ್ತದೋ ನನಗೆ ಗೊತ್ತಿಲ್ಲ," ಎಂದಳು ದ್ಯಾವಕ್ಕ.

"ನನಗೂ ಗೊತ್ತಿಲ್ಲ ಮಗಳೇ. ಸುಡು. ಈ ರೋಗ ಆಚೆಮನೆಯ ಕೂಸುಗಳ ಗಿಡಕ್ಕೆ ಹತ್ತಬಾರದು."

ದ್ಯಾವಕ್ಕ ಗಿಡವನ್ನು ಬುಡಸಮೇತ ಕಿತ್ತು ಬೆಂಕಿಗೆ ಹಾಕಿದಳು. ಮಣ್ಣನ್ನೂ ಸುರಿದಳು. ಕಲ್ಲು ಇಳಿಯಲಿಲ್ಲ, ಏರಿತು. ಎದೆಗೆ ಬಂತು, ಕೊರಳಿಗೆ ಬಂತು. ನೀಲವ್ವನ ಬಾಯಿ ಕಟ್ಟಿತು. ಅವಳ ಕಣ್ಣು ಮಾತ್ರ ಮಗಳ ಸೆರಗಿನ ಗಂಟನ್ನೇ ನೋಡುತ್ತಿತ್ತು.

ದ್ಯಾವಕ್ಕ ಬೆಚ್ಚಿದಳು. ಗಿಡ ಕೀಳುವಾಗ ಮನಸ್ಸು ತಡೆಯದೆ ಒಂದು ಎಲೆಯನ್ನು ಅಲ್ಲಿ ಕಟ್ಟಿಕೊಂಡಿದ್ದಳು. ಕಾಡುಬಸಳೆಯ ಎಲೆಯಂಚಿನಲ್ಲಿ ಮರಿ ಹುಟ್ಟುತ್ತದೆ. ಅಜ್ಜಿಯ ಕಾಲದ ಗಿಡ, ಒಂದು ಮರಿಯಾದರೂ ಉಳಿಯಲಿ ಅಂತ. ನೋಡಲು ಆ ಎಲೆ ಚೊಕ್ಕಟವಾಗಿಯೇ ಇತ್ತು. ಆದರೆ ಅದರಲ್ಲಿ ಹರಿಯುತ್ತಿದ್ದದ್ದು ಅದೇ ರಸ. ಅವಳು ಅಳುತ್ತಲೇ ಗಂಟು ಬಿಚ್ಚಿ ಎಲೆಯನ್ನು ಬೆಂಕಿಗೆ ಎಸೆದಳು.

ಎಲೆ ಚಟಪಟನೆ ಸಿಡಿದು ಬೂದಿಯಾಯಿತು. ನೀಲವ್ವನ ಕೊರಳಿನ ಕಲ್ಲು ಬಿರುಕುಬಿಟ್ಟು ಸಿಪ್ಪೆ ಸಿಪ್ಪೆಯಾಗಿ ಉದುರಿತು. ಅವಳು ಉಸಿರೆಳೆದು ಕೆಮ್ಮಿದಳು.

"ಎಲ್ಲವನ್ನೂ ತನ್ನಿ!" ಎಂದು ರಾಣಿ ಕೂಗಿದಳು. "ಒಂದು ಎಲೆಯನ್ನೂ ಬಚ್ಚಿಡಬೇಡಿ!"

ಅರಮನೆಯ ಗಿಡವನ್ನು ರಾಣಿಯೇ ಬೆಂಕಿಗೆ ಹಾಕಿದಳು. ಒಂದೊಂದು ಕುಂಡ ಬರಿದಾದಂತೆ ಒಂದೊಂದು ಮನೆಯವರ ಮೈ ಹಗುರಾಯಿತು, ಮಾಂತ್ರಿಕನ ಮೈ ಒಣಗಿತು. ಕೊನೆಯ ಗಿಡ ಉರಿದಾಗ ಅವನು ತರಗೆಲೆಯಂತೆ ಮುರುಟಿ ಗಾಳಿಗೆ ಪುಡಿಯಾಗಿ ಹೋದ.

ಕುಂಬಾರಗೇರಿಯ ಗಿಡಗಳ ಬೀಜವನ್ನು ಹೊಸ ಮಣ್ಣಿನಲ್ಲಿ ಬಿತ್ತಿದರು. ಸಸಿಗಳು ಏಳುವವರೆಗೆ ಊರಿಗೆ ಊರೇ ಆ ಒಂದು ಕೇರಿಯಲ್ಲಿ ಒತ್ತೊತ್ತಾಗಿ ಮಲಗಿತು. ರಾಣಿ ಕುಂಬಾರರ ಮನೆಯಲ್ಲಿ ರೊಟ್ಟಿ ತಟ್ಟುವುದನ್ನು ಕಲಿತಳು. ದ್ಯಾವಕ್ಕ ದಿನಾ ಬೆಳಗ್ಗೆ ಪ್ರತಿ ಸಸಿಯ ಎಲೆಯನ್ನೂ ತಿರುಗಿಸಿ ನೋಡಿದಳು. ಉಂಗುರವಿರಲಿಲ್ಲ.

ಆಮೇಲೆ ಎಲ್ಲರೂ ಒಂದೊಂದು ಕುಂಡ ಎತ್ತಿಕೊಂಡು ತಂತಮ್ಮ ಮನೆಗೆ ನಡೆದರು, ಮತ್ತೆ ಯಾರೂ ಕಲ್ಲಾಗದೆ ನೂರ್ಕಾಲ ಸುಖವಾಗಿ ಬಾಳಿದರು.