ಏಳನೇ ನಂಬರಿನ ಅಪ್ಪ

ಅಳಿಯನ ಹೆಣ ಸಿಕ್ಕಿದ್ದು ಮಾವನ ನಾಯಿಬೋನಿನಲ್ಲಿ. ಗಂಟಲು ಉಳಿದಿರಲಿಲ್ಲ. ತಲೆಯ ಹಿಂಬದಿ ಒಡೆದಿತ್ತು. ನಾಯಿ ಮೂಲೆಯಲ್ಲಿ ಕೂತು ಮುಂಗಾಲು ನೆಕ್ಕಿಕೊಳ್ಳುತ್ತಿತ್ತು.

"ಬಿದ್ದಾಗ ಕಂಬಿ ತಗುಲಿರಬೇಕು," ಎಂದ ಮಾವ. ಜಾತಿನಾಯಿ ಸಾಕಿ ಮಾರುವುದು ಆತನ ಕಸುಬು. "ಹನ್ನೆರಡು ವರ್ಷದ ನಾಯಿ ಮೇಡಂ, ಮುದಿತನಕ್ಕೆ ತಲೆಕೆಟ್ಟಿದೆ. ಈಗಲೇ ಗುಂಡು ಹೊಡೆದು ಸುಟ್ಟುಬಿಡ್ತೀನಿ."

"ಅವಸರ ಏನು?"

ಇನ್‌ಸ್ಪೆಕ್ಟರ್ ನಾಯಿಯ ಮೇಲೆ ಟಾರ್ಚ್ ಬೆಳಕು ಬಿಟ್ಟಳು. ನಾಯಿ ಗುರ್ರೆಂದಿತು. ಹಲ್ಲು ಬೆಳ್ಳಗೆ, ಚೂಪಾಗಿದ್ದವು.

ಬೋನಿಗೆ ಹೊರಗಿನಿಂದ ಬೀಗ ಬಿದ್ದಿತ್ತು. ಬೀಗದ ಕೈ ಇಟ್ಟುಕೊಳ್ಳುತ್ತಿದ್ದವನು ನಾಯಿಗಳಿಗೆ ಊಟ ಹಾಕುವ ಆಳು. ಅವನಿಗೂ ಅಳಿಯನಿಗೂ ಎಣ್ಣೆ ಸೀಗೆಕಾಯಿ ಎಂದು ಯಜಮಾನನಾದ ಮಾವನೇ ಕಿವಿಯೂದಿದ. ಪೇದೆಗಳು ಆಳನ್ನು ಶೆಡ್ಡಿಗೆ ಎಳೆದೊಯ್ದರು. ಬಡವನ ಬೆನ್ನು ಕಂಡರೆ ಇವರಿಗೆ ಕೈ ತುರಿಸುತ್ತದೆ. ಎರಡು ಬೆರಳು ಮುರಿದ ಮೇಲೆ ಅವನು ಬಾಯಿಬಿಟ್ಟ.

"ನಾಯಿಗೆ ನಿನ್ನೆಯಿಂದ ಊಟ ಹಾಕ್ಬೇಡ ಅಂದ್ರು ಯಜಮಾನ್ರು. ಬೀಗದ ಕೈನೂ ಇಸ್ಕೊಂಡ್ರು."

"ಮೊದಲೇ ಯಾಕೋ ಹೇಳ್ಲಿಲ್ಲ?"

"ಯಾರು ಕೇಳಿದ್ರು ತಾಯಿ?"

ಆಳಿನ ಮಾತೊಂದೇ ಕೋರ್ಟಿನಲ್ಲಿ ನಿಲ್ಲದು. ಕಾರಣ ಬೇಕಿತ್ತು.

*

ಸತ್ತವನ ಕೋಣೆಯಲ್ಲಿ ಲ್ಯಾಪ್‌ಟಾಪ್ ಕಾದು ಬುಸುಗುಟ್ಟುತ್ತಿತ್ತು. ಅವನ ಹೆಂಡತಿ, ಯಜಮಾನನ ಒಬ್ಬಳೇ ಮಗಳು, ಪರವೂರಿನ ಕೆಲಸ ಬಿಟ್ಟು ಆಗಷ್ಟೇ ಓಡಿಬಂದಿದ್ದಳು. ಗಂಡ ಹೆಂಡತಿ ಇಬ್ಬರೂ ಪ್ರೋಗ್ರಾಮರ್‌ಗಳು.

"ಏನಿದು, ಓಡ್ತಾನೇ ಇದೆ?" ಎಂದಳು ಇನ್‌ಸ್ಪೆಕ್ಟರ್.

"ನಾಯಿಗಳ ವಂಶವೃಕ್ಷ, ಕೊಳ್ಳೋರಿಗೆ ತೋರಿಸೋಕೆ. ಟೇಬಲ್‌ನಲ್ಲಿ ಒಂದು ನಾಯಿಗೆ ಒಂದು ಸಾಲು. ಅದರ ನಂಬರ್, ಅಪ್ಪನ ನಂಬರ್. ಈ ಕ್ವೆರಿ, ಅಂದ್ರೆ ಹುಡುಕೋ ಪ್ರೋಗ್ರಾಂ, ಒಂದು ನಾಯಿಯ ಅಪ್ಪನ್ನ ಹುಡುಕುತ್ತೆ. ಸಿಕ್ಕಿದ ಅಪ್ಪನ್ನ ಹಿಡ್ಕೊಂಡು ಮತ್ತೆ ತನ್ನನ್ನೇ ಕರ್ಕೊಳ್ಳುತ್ತೆ. ಅವನಪ್ಪ, ಅವನಪ್ಪನ ಅಪ್ಪ... ಆಮೇಲೆ ಎಲ್ಲಾನೂ ಒಂದರೊಳಗೊಂದು ಜೋಡಿಸಿದ್ರೆ ಮರ."

"ನಿಲ್ಲೋದು ಎಲ್ಲಿ?"

"ಅಪ್ಪನ ಜಾಗ ಖಾಲಿ ಇರೋ ಕಡೆ."

"ಇದು ನಿಂತೇ ಇಲ್ವಲ್ಲ."

ಮಗಳ ಹುಬ್ಬು ಗಂಟಿಕ್ಕಿತು. ಒಮ್ಮೆ ಕಂಡ ನಂಬರ್ ಮತ್ತೆ ಕಂಡರೆ ನಿಲ್ಲು ಎಂಬ ಷರತ್ತು ಸೇರಿಸಿ ಓಡಿಸಿದಳು. ತಕ್ಷಣ ಉತ್ತರ ಬಂತು. ಏಳರ ಅಪ್ಪ ಮೂವತ್ತೊಂದು. ಅದರಪ್ಪ ಹತ್ತೊಂಬತ್ತು. ಅದರಪ್ಪ ಏಳು.

"ತನಗೆ ತಾನೇ ಮುತ್ತಜ್ಜ!" ಇನ್‌ಸ್ಪೆಕ್ಟರ್ ನಕ್ಕಳು. "ಏಳು ಯಾವ ನಾಯಿ?"

"ಬೋನಿನಲ್ಲಿರೋದು. ಅದರ ಮರಿ ಅಂದ್ರೆ ಜನ ಸಾಲು ನಿಲ್ತಾರೆ."

"ಟೇಬಲ್ ತುಂಬಿದ್ದು?"

"ಅಪ್ಪನೇ. ಬೇರೆ ಯಾರೂ ಮುಟ್ಟೋ ಹಾಗಿಲ್ಲ."

ಹೇಳಿ ಮುಗಿಸಿದ ಮೇಲೆ ಅವಳಿಗೆ ಅರ್ಥವಾಯಿತು.

*

"ಹಳೇ ಏಳು ಯಾವತ್ತೋ ಸತ್ತಿದೆ," ಎಂದಳು ಇನ್‌ಸ್ಪೆಕ್ಟರ್, ಬೋನಿನ ಮುಂದೆ ನಿಂತಿದ್ದ ಯಜಮಾನನಿಗೆ. "ಅದರ ಮರಿಮಗನ ಕಿವಿಗೆ ಅದೇ ನಂಬರಿನ ಹಚ್ಚೆ ಹಾಕಿ ಹಳೇ ಹೆಸರಲ್ಲೇ ಮರಿ ಮಾರಿದ್ರಿ. ಹನ್ನೆರಡು ವರ್ಷದ ನಾಯಿಗೆ ಇಂಥ ಹಲ್ಲಿರುತ್ತಾ? ಅದಕ್ಕೇ ಸುಡೋ ಅವಸರ. ನಾಯಿಯನ್ನ ಉಪವಾಸ ಕೆಡವಿ, ಅಳಿಯನ ತಲೆಗೆ ಹಿಂದಿನಿಂದ ಹೊಡೆದು, ಉಸಿರಿರುವಾಗಲೇ ಒಳಗೆ ತಳ್ಳಿದ್ರಿ. ಹಳೇ ಏಳು ಹೊರಗಿಂದ ತಂದದ್ದು, ಅಪ್ಪನ ಜಾಗ ಖಾಲಿಯಿತ್ತು. ಅಲ್ಲಿ ಮೂವತ್ತೊಂದು ಅಂತ ತುಂಬದೆ ಹಾಗೇ ಬಿಟ್ಟಿದ್ರೆ ನಾನು ಬರಿಗೈಲಿ ಹೋಗ್ತಿದ್ದೆ."

"ಹೇಗ್ರೀ ಬಿಡೋದು?" ಯಜಮಾನ ಸಿಡಿದ. "ಇದರಪ್ಪ ಮೂವತ್ತೊಂದು. ರಕ್ತದ ವಿಷಯದಲ್ಲಿ ಸುಳ್ಳು ಬರೆಯೋಕೆ ನನಗೆ ಕೈ ಬರಲ್ಲ. ಅಪ್ಪ ಯಾರು ಅಂತ ಗೊತ್ತಿಲ್ದೆ ನಾಳೆ ಅಣ್ಣ ತಂಗಿ ಕೂಡಿ ಕುರುಡುಮರಿ ಹುಟ್ಟಿದ್ರೆ?"

ಎಂಥ ಪ್ರಾಮಾಣಿಕ! ಅಳಿಯನನ್ನು ಕೊಲ್ಲಲು ಮಾತ್ರ ಕೈ ಬಂತು.

"ಏಳರ ಸಾಲಲ್ಲಿ ಮೂವತ್ತೊಂದು ಹೇಗೆ ಬಂತು ಮಾವ ಅಂತ ಬಂದು ಕೇಳಿದ. ನನ್ನ ಮಾನ ಹರಾಜಿಗಿಡೋಕೆ ಹೊರಟಿದ್ದ."

ಮಗಳು ಫೋನ್ ತೆಗೆದು ಗಂಡ ಕಳಿಸಿದ್ದ, ತಾನಿನ್ನೂ ತೆರೆಯದಿದ್ದ ಕೊನೆಯ ಸಂದೇಶ ಓದಿದಳು: "ಮಾವ ಪಾಪ, ಕೈತಪ್ಪಿ ಒಂದು ನಂಬರ್ ಒತ್ತಿಬಿಟ್ಟಿದ್ದಾರೆ. ಬೇಜಾರಾಗಬಾರದು, ನಾನೇ ಸರಿ ಮಾಡ್ತೀನಿ."

"ಅವರಿಗೆ ಏನೂ ಗೊತ್ತಿರಲಿಲ್ಲ, ಅಪ್ಪ."

ಪೇದೆಗಳು ಯಜಮಾನನನ್ನು ಜೀಪು ಹತ್ತಿಸಿದರು. ಆಳು ಮುರಿದ ಬೆರಳಲ್ಲೇ ನಾಯಿಗೆ ಊಟ ಹಾಕಿದ. ಅವನ ಕ್ಷಮೆಯನ್ನು ಯಾರೂ ಕೇಳಲಿಲ್ಲ, ಇನ್‌ಸ್ಪೆಕ್ಟರ್ ಕೂಡ.

ಮಗಳ ಹೇಳಿಕೆ ಬರೆಯಲು ಪೇದೆ ಕೂತ. ಹೆಸರು, ವಯಸ್ಸು ಬರೆದುಕೊಂಡ.

"ತಂದೆಯ ಹೆಸರು?"

ಅವಳು ಜೀಪಿನ ಕಡೆ ಒಮ್ಮೆ ನೋಡಿದಳು.

"ಖಾಲಿ ಬಿಡಿ," ಎಂದಳು. "ಅಲ್ಲಿಗೇ ನಿಲ್ಲಲಿ."